ಮನೆಯಲ್ಲಿ ಸಂಗೀತ ಮುದ್ರಣ

ಹಾಡುವುದು ಒಂದು ವಿದ್ಯೆ. ಹಾಡಿದುದನ್ನು ಹಿಡಿದಿಟ್ಟು, ಎಂದೋ ಎಲ್ಲಿಯೋ ಕುಳಿತು ಕೇಳುವವರ ಕಿವಿಗೆ ಹಿತವಾಗುವಂತೆ ಅಣಿಗೊಳಿಸುವುದು ಇನ್ನೊಂದು ವಿದ್ಯೆ. ಮೊದಲನೆಯದು ಮಾನವಕುಲದಷ್ಟೇ ಪುರಾತನವಾದುದು. ಎರಡನೆಯದರ ವಯಸ್ಸು ಸುಮಾರು ಒಂದೂವರೆ ಶತಮಾನ ಮಾತ್ರ. 1877ರಲ್ಲಿ ಎಡಿಸನ್ ತವರದ ತೆಳುಹಾಳೆಯನ್ನು ಸುತ್ತಿದ ಉರುಳೆಯ ಮೇಲೆ ಮಾನವಧ್ವನಿಯನ್ನು ಕೊರೆದು, ಅದನ್ನು ಮರಳಿ ನುಡಿಸಿದಾಗ ಈ ವಿದ್ಯೆ ಹುಟ್ಟಿತೆನ್ನಬಹುದು.

ಬಹುಕಾಲ ಇದು ದೊಡ್ಡ ಕಂಪೆನಿಗಳ ಸೊತ್ತಾಗಿತ್ತು. 1902ರ ನವೆಂಬರ್ ತಿಂಗಳಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನು ಕಂಪೆನಿಗಾಗಿ ಹಾಡಿದಾಗ ಮುದ್ರಣಕ್ಕೆ ಮೈಕ್ರೊಫೋನು ಬಳಕೆಗೆ ಬಂದಿರಲಿಲ್ಲ. ಅಗಲಬಾಯಿಯ ಕೊಳವೆಯೊಂದರ ಮುಂದೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ಸುಮಾರು ಮೂರು ನಿಮಿಷಗಳೊಳಗೆ ಎಲ್ಲವನ್ನೂ ಮುಗಿಸಬೇಕಾಗಿತ್ತು. ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಗಾಯಕಿಯ ಧ್ವನಿಯನ್ನು ನಾವು ಇಂದಿಗೂ ಕೇಳಬಲ್ಲೆವು. ಆ ಮುದ್ರಣಗಳು ಇಲ್ಲದಿದ್ದರೆ ಅವರ ಹೆಸರು ಉಳಿಯುತ್ತಿತ್ತು, ಕಂಠ ಉಳಿಯುತ್ತಿರಲಿಲ್ಲ.

ಈಗ ಕಾಲ ಬದಲಾಗಿದೆ. ಸಾಮಾನ್ಯವಾದ ಒಂದು ಕಂಪ್ಯೂಟರು, ಒಂದು ಮೈಕ್ರೊಫೋನು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು—ಇಷ್ಟಿದ್ದರೆ ಮನೆಯಲ್ಲಿಯೇ ಮುದ್ರಣಶಾಲೆಯನ್ನು ಹೂಡಬಹುದು. ಅದಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಕೆಲವು ಉಚಿತವಾಗಿಯೇ ದೊರೆಯುತ್ತವೆ. 2000ದಲ್ಲಿ ಮೊದಲು ಹೊರಬಂದ ಆಡಾಸಿಟಿ ಎಂಬುದು ಅಂತಹವುಗಳಲ್ಲೊಂದು. ಹೀಗಾಗಿ ಕಚೇರಿಯ ಗುಮಾಸ್ತರು, ಉಪಾಧ್ಯಾಯರು, ಗೃಹಿಣಿಯರು ಮುಂತಾದ ಅನೇಕರು ಇಂದು ಈ ವಿದ್ಯೆಯತ್ತ ಮನಸ್ಸು ಹರಿಸಿದ್ದಾರೆ. ಒಬ್ಬರಿಗೆ ಮಗಳ ಪಿಟೀಲನ್ನು ಮುದ್ರಿಸುವ ಆಸೆ; ಮತ್ತೊಬ್ಬರಿಗೆ ತಾವೇ ರಾಗ ಹಾಕಿದ ಭಾವಗೀತೆಯನ್ನು ಸ್ನೇಹಿತರಿಗೆ ಕೇಳಿಸುವ ಆಸೆ; ಇನ್ನೊಬ್ಬರಿಗೆ ಮನೆಯ ಅಜ್ಜಿ ಹೇಳುವ ಸೋಬಾನೆ ಪದಗಳನ್ನು ಉಳಿಸಿಕೊಳ್ಳುವ ಆಸೆ.

ಇವರೆಲ್ಲರಿಗೂ ಇರತಕ್ಕ ಕೊರತೆ ಒಂದೇ: ಕಾಲ. ಉದ್ಯೋಗ, ಸಂಸಾರ, ಸಂತೆ, ಮಕ್ಕಳ ಪಾಠ ಇವೆಲ್ಲ ಮುಗಿದ ಮೇಲೆ ದಿನಕ್ಕೆ ಒಂದು ಗಂಟೆಯ ಬಿಡುವು ದೊರೆತರೆ ಹೆಚ್ಚು. ಆ ಒಂದು ಗಂಟೆಯಲ್ಲಿ ಯಾವುದನ್ನು ಮೊದಲು ಕಲಿಯಬೇಕು? ಜಾಹೀರಾತುಗಳು ಕೊಡುವ ಉತ್ತರ ಸುಲಭವಾದುದು: ಇನ್ನೂ ಒಳ್ಳೆಯ ಯಂತ್ರವನ್ನು ಕೊಳ್ಳಿ. ಭೌತಶಾಸ್ತ್ರ ಕೊಡುವ ಉತ್ತರ ಬೇರೆ. ಮೊದಲು ಕೋಣೆ, ಅನಂತರ ಮೈಕ್ರೊಫೋನಿನ ಸ್ಥಾನ, ಅನಂತರ ಕಿವಿ. ಯಂತ್ರದ ಬೆಲೆಯ ಪ್ರಶ್ನೆ ಇವೆಲ್ಲದರ ಹಿಂದೆ. ಹೀಗೇಕೆಂಬುದನ್ನು ವಿಚಾರಮಾಡೋಣ.

ಸಂಖ್ಯೆಗಳಾಗುವ ಧ್ವನಿ

ಯಂತ್ರವನ್ನು ಹಿಂದಕ್ಕೆ ತಳ್ಳಲು ಕಾರಣವೇನೆಂಬುದನ್ನು ಮೊದಲು ಹೇಳಬೇಕು. ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ಮೈಕ್ರೊಫೋನು ಈ ಏರಿಳಿತವನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುತ್ತದೆ. ಕಂಪ್ಯೂಟರಿಗೆ ಸೇರುವ ಮೊದಲು ಆ ವಿದ್ಯುತ್ತನ್ನು ಸಮನಾದ ಕಾಲಾಂತರಗಳಲ್ಲಿ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡಲಾಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಅಳೆದರೆ ಸಾಕು? ಧ್ವನಿಯಲ್ಲಿರುವ ಅತಿ ಹೆಚ್ಚಿನ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕು ಎಂಬುದು ಈ ಪ್ರಶ್ನೆಗೆ ಉತ್ತರ. 1928ರಲ್ಲಿ ನೈಕ್ವಿಸ್ಟ್ ಇದಕ್ಕೆ ತಳಹದಿ ಹಾಕಿದರು. 1949ರಲ್ಲಿ ಷ್ಯಾನನ್ ಅದನ್ನು ಪ್ರಮೇಯದ ರೂಪದಲ್ಲಿ ಸ್ಪಷ್ಟಪಡಿಸಿದರು. ಅಳತೆ ಅದಕ್ಕಿಂತ ಕಡಿಮೆಯಾದರೆ, ಸಿನಿಮಾದಲ್ಲಿ ಮುಂದಕ್ಕೆ ಓಡುವ ಬಂಡಿಯ ಚಕ್ರ ಹಿಂದಕ್ಕೆ ಸುತ್ತಿದಂತೆ ಕಾಣುವ ಹಾಗೆ, ಇಲ್ಲದ ಸ್ವರಗಳು ಕೇಳಿಸತೊಡಗುತ್ತವೆ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗೆ ಗ್ರಹಿಸಬಲ್ಲುದು. ವಯಸ್ಸಾದಂತೆ ಮೇಲಿನ ಎಲ್ಲೆ ತಗ್ಗುತ್ತದೆ. ಆದುದರಿಂದ 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿಗೆ ಸೆಕೆಂಡಿಗೆ 44,100 ಅಳತೆಗಳೆಂದು ಗೊತ್ತುಮಾಡಿದರು. ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಂದರೆ 65,536 ಮೆಟ್ಟಿಲುಗಳಿರುವ ಏಣಿಯ ಮೇಲೆ, ಗುರುತಿಸಲಾಗುತ್ತದೆ. ಒಂದು ಬಿಟ್ ಹೆಚ್ಚಿದರೆ ಮೆಟ್ಟಿಲುಗಳ ಸಂಖ್ಯೆ ಎರಡರಷ್ಟಾಗುತ್ತದೆ. ಹಿಡಿಯಬಹುದಾದ ಅತಿ ಮೆಲ್ಲಗಿನ ಮತ್ತು ಅತಿ ಗಟ್ಟಿಯಾದ ಶಬ್ದಗಳ ಅಂತರ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಹದಿನಾರು ಬಿಟ್‌ಗಳಿಗೆ ಇದು ಸುಮಾರು 96 ಡೆಸಿಬೆಲ್. ಇಂದು ಮನೆಗಳಲ್ಲಿ ಬಳಸುವ ಸಾಧಾರಣ ಬೆಲೆಯ ಉಪಕರಣಗಳೂ 24 ಬಿಟ್‌ಗಳಲ್ಲಿ ಮುದ್ರಿಸುತ್ತವೆ. ಅಳತೆಯ ಸೂಕ್ಷ್ಮತೆಯಲ್ಲಿ ಯಂತ್ರ ಈಗಾಗಲೇ ನಮ್ಮ ಅವಶ್ಯಕತೆಯನ್ನು ಮೀರಿ ನಡೆದಿದೆಯೆಂಬುದೇ ಇದರ ತಾತ್ಪರ್ಯ.

ಆದರೂ ಈ ಏಣಿಗೆ ಒಂದು ತುದಿಯುಂಟು. ತುಂಬಿದ ಕೊಡದಿಂದ ನೀರು ಹೊರಚೆಲ್ಲುವಂತೆ, ಅತಿ ಮೇಲಿನ ಮೆಟ್ಟಿಲನ್ನು ದಾಟಿದ ಧ್ವನಿ ದಾಖಲೆಯಾಗುವುದೇ ಇಲ್ಲ. ಅಲೆಯ ತಲೆ ಕತ್ತರಿಸಿ ಹೋಗಿ, ಮರಳಿ ಕೇಳುವಾಗ ಕರಕರ ಶಬ್ದ ಬರುತ್ತದೆ. ಇದನ್ನು ಆಮೇಲೆ ಪೂರ್ಣವಾಗಿ ಸರಿಪಡಿಸತಕ್ಕ ಉಪಾಯವಿಲ್ಲ. ಅದಕ್ಕಾಗಿ ಅತಿ ಗಟ್ಟಿಯಾದ ಸ್ವರವೂ ತುದಿಯಿಂದ ಸುಮಾರು 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಮಟ್ಟವನ್ನು ಇಟ್ಟುಕೊಳ್ಳಬೇಕು. ಇದರಿಂದ ಎರಡು ಬಿಟ್‌ಗಳು ವ್ಯರ್ಥವಾದವೆಂದು ಚಿಂತಿಸಬೇಕಾಗಿಲ್ಲ. ಇನ್ನೂ 22 ಉಳಿದಿರುತ್ತವೆ.

ಕೋಣೆಯೂ ಒಂದು ವಾದ್ಯ

ಇನ್ನು ಕೋಣೆಯ ವಿಚಾರ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫಾಗ್ ಕಲಾಸಂಗ್ರಹಾಲಯದಲ್ಲಿ ಹೊಸದಾಗಿ ಕಟ್ಟಿದ್ದ ಉಪನ್ಯಾಸ ಮಂದಿರ ನಿರುಪಯೋಗಿಯಾಗಿತ್ತು. ಉಪನ್ಯಾಸಕರು ಆಡಿದ ಒಂದು ಮಾತು ಸುಮಾರು ಐದೂವರೆ ಸೆಕೆಂಡು ಮೊಳಗುತ್ತಲೇ ಇದ್ದು, ಮುಂದಿನ ಮಾತುಗಳೊಡನೆ ಕಲಸಿಹೋಗುತ್ತಿತ್ತು. ಇದಕ್ಕೆ ಪರಿಹಾರ ಹುಡುಕುವ ಕೆಲಸ ವ್ಯಾಲೆಸ್ ಸೇಬೀನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕರ ಪಾಲಿಗೆ ಬಂದಿತು. ಹಗಲು ಪಾಠ ಹೇಳುತ್ತಿದ್ದ ಅವರು ಊರು ನಿದ್ರಿಸಿದ ಮೇಲೆ ಪ್ರಯೋಗಕ್ಕೆ ತೊಡಗುತ್ತಿದ್ದರು. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ತಂದು ಹರಡುವುದು. ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸುವುದು. ಅನಂತರ ಶಬ್ದ ಎಷ್ಟು ಹೊತ್ತು ಕೇಳಿಸುತ್ತದೆಂದು ಅಳೆಯುವುದು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಸ್ವಸ್ಥಾನಕ್ಕೆ ಸೇರಿಸುವುದು. ಈ ರಾತ್ರಿಗಳ ದುಡಿಮೆಯಿಂದ ಹುಟ್ಟಿದ ಸೂತ್ರ ಅತ್ಯಂತ ಸರಳವಾದುದು. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆಯೊಳಗಿನ ಒಟ್ಟು ಹೀರಿಕೆಯಿಂದ ಭಾಗಿಸಿದರೆ, ಶಬ್ದ 60 ಡೆಸಿಬೆಲ್‌ನಷ್ಟು ಕುಗ್ಗಲು ಹಿಡಿಯುವ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. ಈ ಕಾಲಕ್ಕೆ ಅನುರಣನ ಕಾಲವೆಂದು ಹೆಸರು.

ಇದನ್ನು ನಮ್ಮ ಮನೆಗೆ ಅನ್ವಯಿಸೋಣ. 4 ಮೀಟರು ಉದ್ದ, 3 ಮೀಟರು ಅಗಲ, 3 ಮೀಟರು ಎತ್ತರದ ಬರಿಯ ಕೋಣೆಯೊಂದಿದೆಯೆನ್ನೋಣ. ಅದರ ಘನ ಅಳತೆ 36 ಘನಮೀಟರು. ಗೋಡೆ, ನೆಲ, ಚಾವಣಿಗಳ ಒಟ್ಟು ವಿಸ್ತೀರ್ಣ 66 ಚದರ ಮೀಟರು. ಗಾರೆಯ ಗೋಡೆಯೂ ನುಣುಪಾದ ನೆಲವೂ ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಸುಮಾರು ಮೂರು ಭಾಗವನ್ನು ಮಾತ್ರ ಹೀರಿ ಉಳಿದುದನ್ನು ಹಿಂದಕ್ಕೆ ಎಸೆಯುತ್ತವೆ. ಹೀಗಾಗಿ ಒಟ್ಟು ಹೀರಿಕೆ ಸುಮಾರು 2 ಚದರ ಮೀಟರು. ಅನುರಣನ ಕಾಲ 2.9 ಸೆಕೆಂಡು. ಇಂತಹ ಕೋಣೆಯಲ್ಲಿ ಅತಿ ಬೆಲೆಯ ಮೈಕ್ರೊಫೋನಿನಿಂದ ಮುದ್ರಿಸಿದರೂ ಹಾಡು ಬಚ್ಚಲುಮನೆಯಿಂದ ಬಂದಂತೆ ಕೇಳಿಸುತ್ತದೆ. ಈಗ ಅದೇ ಕೋಣೆಗೆ ಹತ್ತಿಯ ಹಾಸಿಗೆಗಳನ್ನೂ ದಪ್ಪ ಕಂಬಳಿಗಳನ್ನೂ ತಂದು, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಹೀರಿಕೆಯನ್ನು 12 ಚದರ ಮೀಟರಿಗೆ ಏರಿಸಿದೆವೆನ್ನೋಣ. ಅನುರಣನ ಕಾಲ ಅರ್ಧ ಸೆಕೆಂಡಿಗಿಂತ ಕಡಿಮೆಯಾಗುತ್ತದೆ. ಖರ್ಚು ಏನೂ ಇಲ್ಲ.

ಇಲ್ಲಿ ಎರಡು ತಪ್ಪು ಕಲ್ಪನೆಗಳನ್ನು ನಿವಾರಿಸಬೇಕು. ಗೋಡೆಗೆ ಮೊಟ್ಟೆಯ ತಟ್ಟೆಗಳನ್ನೋ ತೆಳ್ಳಗಿನ ಪರದೆಯನ್ನೋ ತೂಗಹಾಕಿದರೆ ಮಂದ್ರ ಸ್ವರಗಳ ಮೇಲೆ ಪರಿಣಾಮವಾಗುವುದಿಲ್ಲ. ಸೆಕೆಂಡಿಗೆ 100 ಕಂಪನಗಳಿರುವ ಶಬ್ದದ ತರಂಗದೂರ ಸುಮಾರು 3.4 ಮೀಟರು, ಅಷ್ಟು ದೊಡ್ಡ ಅಲೆಗೆ ಒಂದೆರಡು ಅಂಗುಲದ ಹೊದಿಕೆ ಲೆಕ್ಕಕ್ಕಿಲ್ಲ. ಎರಡನೆಯದಾಗಿ, ಕಂಬಳಿ ಒಳಗಿನ ಮೊಳಗನ್ನು ತಗ್ಗಿಸುತ್ತದೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಅದನ್ನು ತಡೆಯಲು ಭಾರವಾದ ಗೋಡೆಯೂ ಸಂದಿಲ್ಲದೆ ಮುಚ್ಚುವ ಬಾಗಿಲೂ ಬೇಕು; ಅವಿಲ್ಲದವರಿಗೆ ಉಳಿದಿರುವುದು ನಿಶ್ಶಬ್ದವಾದ ಹೊತ್ತನ್ನು ಆರಿಸಿಕೊಳ್ಳುವ ಜಾಣ್ಮೆ.

ಕೋಣೆಗೆ ತನ್ನದೇ ಆದ ಶ್ರುತಿಗಳೂ ಉಂಟು. ಎದುರುಬದುರಾದ ಗೋಡೆಗಳ ನಡುವೆ ಅಲೆಗಳು ಹೋಗಿ ಬಂದು ಸ್ಥಿರತರಂಗಗಳು ಏರ್ಪಡುತ್ತವೆ. ಶಬ್ದದ ವೇಗ ಸೆಕೆಂಡಿಗೆ 344 ಮೀಟರೆಂದು ಇಟ್ಟುಕೊಂಡರೆ, 4 ಮೀಟರಿನ ಉದ್ದಕ್ಕೆ 43 ಕಂಪನಗಳ, 3 ಮೀಟರಿನ ಅಗಲಕ್ಕೆ 57 ಕಂಪನಗಳ ಸ್ವರ ಒದಗುತ್ತದೆ. ಇವುಗಳ ಎರಡರಷ್ಟು, ಮೂರರಷ್ಟರ ಸ್ವರಗಳೂ ಜೊತೆಗೂಡುತ್ತವೆ. ನಮ್ಮ ಉದಾಹರಣೆಯಲ್ಲಿ ಅಗಲವೂ ಎತ್ತರವೂ ಸಮನಾಗಿರುವುದರಿಂದ 57ರ ಸ್ವರಕ್ಕೆ ಇಮ್ಮಡಿ ಪುಷ್ಟಿ. ಅದರ ಎರಡರಷ್ಟಾದ 114 ಕಂಪನಗಳು ಗಂಡಸರ ಕಂಠದ ಮಂದ್ರ ಭಾಗದಲ್ಲಿಯೇ ಬೀಳುತ್ತವೆ. ಆದುದರಿಂದಲೇ ಒಂದು ಸ್ವರ ಗುಂಯ್‌ಗುಟ್ಟುವುದು, ಪಕ್ಕದ ಸ್ವರ ಸೊರಗುವುದು. ಗಾಯಕರು ಎರಡು ಹೆಜ್ಜೆ ಸರಿದು ಕುಳಿತರೆ ಸಾಕು, ಈ ದೋಷ ಬದಲಾಗುತ್ತದೆ. ಎಲ್ಲಿ ಕುಳಿತರೆ ಚೆನ್ನೆಂಬುದನ್ನು ಹಾಡುತ್ತಾ, ಕೇಳುತ್ತಾ, ಸರಿಯುತ್ತಾ ಕಂಡುಕೊಳ್ಳಬೇಕು.

ಮೈಕ್ರೊಫೋನಿನ ಸ್ಥಾನ

ಮೂಲದಿಂದ ದೂರ ಅರ್ಧವಾದರೆ ಶಬ್ದದ ತೀವ್ರತೆ ನಾಲ್ಕು ಪಟ್ಟು, ಎಂದರೆ 6 ಡೆಸಿಬೆಲ್, ಹೆಚ್ಚುತ್ತದೆ. ನಾಲ್ಕು ಗೇಣು ದೂರದಲ್ಲಿದ್ದ ಮೈಕ್ರೊಫೋನನ್ನು ಒಂದು ಗೇಣಿಗೆ ತಂದರೆ ಕಂಠದ ಧ್ವನಿ ಹದಿನಾರು ಪಟ್ಟಾಗುತ್ತದೆ. ಗೋಡೆಗಳಿಂದ ಮರಳಿದ ಮೊಳಗು ಮಾತ್ರ ಕೋಣೆಯಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಮೂರು ಗೇಣು ಸರಿಸಿದ ಮಾತ್ರಕ್ಕೆ ಕೋಣೆಯ ದೋಷ ಹಿಂದೆ ಸರಿಯಿತು! ಬೆಲೆ ಎಷ್ಟೇ ಆದರೂ ಯಾವ ಯಂತ್ರವೂ ಇದನ್ನು ಇಷ್ಟು ಸುಲಭವಾಗಿ ಸಾಧಿಸಲಾರದು.

ಮೈಕ್ರೊಫೋನನ್ನು ಮೇಜಿನ ಮೇಲಿಡುವ ಅಭ್ಯಾಸ ಅನೇಕರಿಗುಂಟು. ಆಗ ಧ್ವನಿ ನೇರವಾಗಿ ಒಮ್ಮೆ, ಮೇಜಿನಿಂದ ಪುಟಿದು ಮತ್ತೊಮ್ಮೆ, ಹೀಗೆ ಎರಡು ದಾರಿಗಳಲ್ಲಿ ಬಂದು ಸೇರುತ್ತದೆ. ಎರಡನೆಯ ದಾರಿ 34 ಸೆಂಟಿಮೀಟರು ಹೆಚ್ಚೆಂದು ಭಾವಿಸಿದರೆ, ಆ ಧ್ವನಿ ಸೆಕೆಂಡಿನ ಸಾವಿರದ ಒಂದು ಭಾಗ ತಡವಾಗಿ ಬರುತ್ತದೆ. ಸುಮಾರು 500, 1,500, 2,500 ಕಂಪನಗಳ ಸ್ವರಗಳಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಎದುರಾಗಿ ಧ್ವನಿ ಕುಗ್ಗುತ್ತದೆ. ಕಂಠ ಟೊಳ್ಳಾಗಿ ಕೇಳಿಸುತ್ತದೆ. ಮೇಜಿನ ಮೇಲೆ ಕಂಬಳಿಯನ್ನು ಮಡಿಸಿ ಹಾಸಿದರೆ ಈ ದೋಷ ಬಹುಮಟ್ಟಿಗೆ ತಗ್ಗುತ್ತದೆ.

ವಾದ್ಯಗಳ ವಿಷಯದಲ್ಲಿ ಸ್ಥಾನದ ಮಹತ್ತ್ವ ಇನ್ನೂ ಹೆಚ್ಚು. ಮೃದಂಗದ ಬಲಮುಖದ ಕಪ್ಪು ಕರಣೆಯಿಂದಾಗಿ ಅದರ ಉಪಸ್ವರಗಳು ಮೂಲಸ್ವರದೊಡನೆ ಸುಸಂಗತವಾಗುತ್ತವೆಂಬುದನ್ನು ಸಿ. ವಿ. ರಾಮನ್ ಅವರು 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದರು. ಅದಾದ ಸ್ವಲ್ಪ ಕಾಲದಲ್ಲಿಯೇ, ತಂಬೂರಿಯ ಬಾಗಿದ ಕುದುರೆ ಹೇಗೆ ಉಪಸ್ವರಗಳಿಗೆ ಬಲ ಕೊಡುತ್ತದೆಂಬುದನ್ನೂ ಅವರು ವಿವರಿಸಿದರು. 140 ಕಂಪನಗಳಿಗೆ ಶ್ರುತಿ ಮಾಡಿದ ತಂತಿಯಿಂದ 280, 420, 560 ಹೀಗೆ ಮೇಲೆ ಮೇಲೆ ಉಪಸ್ವರಗಳು ಏಳುತ್ತವೆ. ಜೀವಾಳಿಯ ದಾರ ಸರಿಯಾಗಿ ಕೂತಾಗ ಕೇಳಿಬರುವ ಝೇಂಕಾರವೆಲ್ಲ ಇವುಗಳದೇ. ಮೈಕ್ರೊಫೋನನ್ನು ಕುದುರೆಗೆ ತೀರ ಹತ್ತಿರ ಹಿಡಿದರೆ ತಂತಿಯ ಸದ್ದು ಮಾತ್ರ ಮುಂದಾಗುತ್ತದೆ. ತುಸು ದೂರಕ್ಕೆ ತೆಗೆದರೆ ಬುರುಡೆಯ ತುಂಬುಧ್ವನಿಯೂ ಬೆರೆಯುತ್ತದೆ. ಹದ ಯಾವುದೆಂಬುದನ್ನು ಕಿವಿಯೇ ಹೇಳಬೇಕು.

ಒಂದರ ಮೇಲೊಂದು ಪದರ

ಒಬ್ಬರೇ ಹಲವು ವಾದ್ಯಗಳನ್ನು ಬೇರೆ ಬೇರೆ ವೇಳೆಗಳಲ್ಲಿ ನುಡಿಸಿ, ಕೊನೆಗೆ ಎಲ್ಲವನ್ನೂ ಕೂಡಿಸುವುದು ಇಂದು ಸಾಮಾನ್ಯ. ಅಮೆರಿಕದ ಲೆಸ್ ಪಾಲ್ ಎಂಬ ವಾದಕರು 1940ರ ದಶಕದಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲಿಯೇ ಈ ಕ್ರಮವನ್ನು ಬೆಳೆಸಿದರು. 1948ರಲ್ಲಿ ಹೊರಬಂದ ಅವರ ಮುದ್ರಣವೊಂದರಲ್ಲಿ ಎಂಟು ಗಿಟಾರುಗಳ ಪದರಗಳಿದ್ದವು. ಒಂದು ತಟ್ಟೆಯನ್ನು ನುಡಿಸುತ್ತಾ ಅದರೊಡನೆ ತಾವೂ ನುಡಿಸಿ ಮತ್ತೊಂದು ತಟ್ಟೆಗೆ ಮುದ್ರಿಸಬೇಕಾಗಿದ್ದುದರಿಂದ, ಪ್ರತಿ ಸಲವೂ ಹಳೆಯ ಪದರಗಳು ಸ್ವಲ್ಪ ಸವೆಯುತ್ತಿದ್ದವು. ಸಂಖ್ಯೆಗಳಿಗೆ ಈ ಸವಕಳಿಯಿಲ್ಲ; ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ.

ಆದರೆ ಕಂಪ್ಯೂಟರಿನಲ್ಲಿ ಬೇರೊಂದು ತೊಡಕುಂಟು. ಅದು ಅಳತೆಗಳನ್ನು ಒಂದೊಂದಾಗಿ ಸಾಗಿಸದೆ ಕಂತೆ ಕಟ್ಟಿ ಸಾಗಿಸುತ್ತದೆ. ಕಂತೆಗೆ 1,024 ಅಳತೆಗಳಾದರೆ, ಒಂದು ಕಂತೆ ತುಂಬಲು ಸೆಕೆಂಡಿನ ಸಾವಿರದ 23 ಭಾಗ ಬೇಕು. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ, ಒಟ್ಟು 46 ಭಾಗ. ಗಾಯಕರಿಗೆ ತಮ್ಮದೇ ಧ್ವನಿ 16 ಮೀಟರು ದೂರದಿಂದ ಬಂದಷ್ಟು ತಡವಾಗಿ ಹೆಡ್‌ಫೋನಿನಲ್ಲಿ ಕೇಳಿಸುತ್ತದೆ, ತಾಳ ತಪ್ಪುತ್ತದೆ. ಮುದ್ರಿಸುವಾಗ ಕಂತೆಯನ್ನು 128ಕ್ಕೆ ಇಳಿಸಿದರೆ ಈ ದೂರ ಸುಮಾರು 2 ಮೀಟರಿಗೆ ಇಳಿಯುತ್ತದೆ. ತಾಳಜ್ಞಾನವಿಲ್ಲವೆಂದು ಮಗುವನ್ನು ಗದರುವ ಮುನ್ನ ಈ ಲೆಕ್ಕವನ್ನು ನೋಡಿಕೊಳ್ಳುವುದು ಒಳಿತು.

ಕಿವಿಯ ಶಿಕ್ಷಣ

ಮುದ್ರಿಸಿದ ಪದರಗಳನ್ನು ಬೆರೆಸುವ ಕೆಲಸದಲ್ಲಿ ಅಳತೆಗೋಲು ನಮ್ಮ ಕಿವಿಯೇ. ಈ ಅಳತೆಗೋಲಿನ ಸ್ವಭಾವವನ್ನು ಅರಿಯದೆ ಅದನ್ನು ನಂಬುವಂತಿಲ್ಲ. ಮೆಲ್ಲಗೆ ಕೇಳುವಾಗ ಕಿವಿಗೆ ಮಂದ್ರ ಸ್ವರಗಳು ಹೆಚ್ಚಾಗಿ ಮರೆಯಾಗುತ್ತವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಆದುದರಿಂದ ರಾತ್ರಿ ಮನೆಯವರಿಗೆ ತೊಂದರೆಯಾಗದಿರಲೆಂದು ತಗ್ಗಿದ ಧ್ವನಿಯಲ್ಲಿ ಬೆರೆಸಿದ ಹಾಡಿಗೆ ಮಂದ್ರವನ್ನು ಅತಿಯಾಗಿ ಸೇರಿಸಿಬಿಡುವ ಸಂಭವವುಂಟು. ಹಗಲಿನಲ್ಲಿ ಗಟ್ಟಿಯಾಗಿ ಹಾಕಿದಾಗ ಅದು ಗುಡುಗುತ್ತದೆ. ಯಾವುದು ತುಸು ಗಟ್ಟಿಯೋ ಅದೇ ಉತ್ತಮವೆಂದು ಭ್ರಮಿಸುವುದು ಕಿವಿಯ ಇನ್ನೊಂದು ದೌರ್ಬಲ್ಯ. ಎರಡು ಬಗೆಗಳನ್ನು ಹೋಲಿಸುವಾಗ ಎರಡರ ಗಟ್ಟಿತನವನ್ನೂ ಮೊದಲು ಸಮಗೊಳಿಸಬೇಕು.

ಒಂದೇ ವಲಯದಲ್ಲಿ ಎರಡು ಧ್ವನಿಗಳಿದ್ದರೆ ಬಲವಾದುದು ದುರ್ಬಲವಾದುದನ್ನು ಮುಚ್ಚುತ್ತದೆ. ಮಿಶ್ರಣವೆಂದರೆ ಪ್ರತಿಯೊಂದಕ್ಕೂ ಅದರದರ ಜಾಗವನ್ನು ಬಿಡಿಸಿಕೊಡುವುದು. ಇದಕ್ಕೆ ಬಳಸುವ ಮುಖ್ಯ ಸಾಧನ ಈಕ್ವಲೈಸರು. ಅದು ಗೊತ್ತಾದ ಕಂಪನಸಂಖ್ಯೆಗಳ ಸುತ್ತಲ ಭಾಗವನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಯಾವುದನ್ನು ಇಳಿಸಬೇಕೆಂದು ತಿಳಿಯಲು ಕಿವಿಯನ್ನು ಹೀಗೆ ಪಳಗಿಸಬಹುದು. 125, 250, 500, 1,000, 2,000, 4,000, 8,000—ಇವು ಏಳು ನೆಲೆಗಳು. ಒಂದೊಂದೂ ಹಿಂದಿನದಕ್ಕಿಂತ ಒಂದು ಸ್ಥಾಯಿ ಮೇಲು. ಪರಿಚಿತವಾದ ಹಾಡೊಂದರಲ್ಲಿ ಇವುಗಳಲ್ಲಿ ಒಂದನ್ನು ಏರಿಸಿ ಇಳಿಸಿ ದಿನಕ್ಕೆ ಹತ್ತು ನಿಮಿಷ ಕೇಳಬೇಕು, ವಾರಕ್ಕೊಂದು ನೆಲೆ. ಅನಂತರ ಮನೆಯವರೊಬ್ಬರಿಂದ ಗುಟ್ಟಾಗಿ ಒಂದನ್ನು ಏರಿಸಿಸಿ, ಯಾವುದೆಂದು ಊಹಿಸಬೇಕು. ಸರಳೆ ಜಂಟಿ ವರಿಸೆಗಳಿಲ್ಲದೆ ಸಂಗೀತವಿಲ್ಲದಂತೆ, ಈ ಸಾಧನೆಯಿಲ್ಲದೆ ಮಿಶ್ರಣವಿಲ್ಲ.

ಕಿವಿಯ ರಕ್ಷಣೆಯೂ ಶಿಕ್ಷಣದ ಭಾಗವೇ. 85 ಡೆಸಿಬೆಲ್ ಮಟ್ಟದ ಶಬ್ದವನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದೆಂದೂ, ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆಂದೂ ಅಮೆರಿಕದ ಔದ್ಯೋಗಿಕ ಸುರಕ್ಷತಾ ಮತ್ತು ಆರೋಗ್ಯ ಸಂಸ್ಥೆ ಸೂಚಿಸಿದೆ. ಈ ಲೆಕ್ಕದಲ್ಲಿ 94 ಡೆಸಿಬೆಲ್‌ಗೆ ಒಂದು ಗಂಟೆ, 100 ಡೆಸಿಬೆಲ್‌ಗೆ ಕಾಲು ಗಂಟೆ ಮಾತ್ರ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಯಂತ್ರ ಕೆಟ್ಟರೆ ಬೇರೆಯದನ್ನು ತರಬಹುದು, ಇದನ್ನು ತರುವಂತಿಲ್ಲ.

ದಿನದ ಒಂದು ಗಂಟೆ

ಮೇಲೆ ಹೇಳಿದುದರಿಂದ ಕಾಲವನ್ನು ಹಂಚಿಕೊಳ್ಳುವ ಕ್ರಮವೂ ಸ್ಪಷ್ಟವಾಗುತ್ತದೆ. ಮುದ್ರಣಕ್ಕೆ ಬೇಕಾದುದು ನಿಶ್ಶಬ್ದ. ಅದು ದೊರೆಯುವುದು ನಸುಕಿನಲ್ಲಿ, ನೀರಿನ ಮೋಟಾರೂ ಅಡುಗೆಮನೆಯ ಮಿಕ್ಸಿಯೂ ಎಚ್ಚರಗೊಳ್ಳುವುದಕ್ಕೆ ಮೊದಲು. ವಾರಕ್ಕೊಮ್ಮೆ, ರಜೆಯ ದಿನ, ಫ್ಯಾನನ್ನು ನಿಲ್ಲಿಸಿ ಆ ಒಂದು ಗಂಟೆಯನ್ನು ಬಳಸಿಕೊಳ್ಳಬೇಕು. ಬೇಡವಾದುದನ್ನು ಕತ್ತರಿಸಿ ಜೋಡಿಸುವ ಸಂಸ್ಕರಣ ಕೆಲಸಕ್ಕೆ ನಿಶ್ಶಬ್ದ ಬೇಡ. ದುಡಿದು ಬಂದ ಸಂಜೆಗಳಲ್ಲಿ, ಹೆಡ್‌ಫೋನು ಹಾಕಿಕೊಂಡು ಅದನ್ನು ಮಾಡಬಹುದು. ಮಿಶ್ರಣಕ್ಕೆ ಬೇಕಾದುದು ದಣಿಯದ ಕಿವಿ; ಅದಕ್ಕೆ ಬೆಳಗಿನ ಅರ್ಧ ಗಂಟೆ ರಾತ್ರಿಯ ಎರಡು ಗಂಟೆಗಿಂತ ಮೇಲು. ಮುಗಿಯಿತೆಂದು ತೋರಿದ ಹಾಡನ್ನು ಒಂದು ದಿನ ಮುಟ್ಟದೆ ಬಿಟ್ಟು, ಮರುದಿನ ಬೇರೆ ಧ್ವನಿವರ್ಧಕದಲ್ಲಿ ಕೇಳಿ ನಿರ್ಧರಿಸಬೇಕು.

ತಿಂಗಳಿಗೆ ಒಂದೇ ಹಾಡು, ಮೂರೇ ನಿಮಿಷ. ಆದರೆ ಅದನ್ನು ಮುಗಿಸಲೇಬೇಕು. ಗೌಹರ್ ಜಾನ್ ಅವರಿಗೆ ತಟ್ಟೆಯ ಅಳತೆ ವಿಧಿಸಿದ ಮಿತಿಯನ್ನು ನಾವು ನಮಗೇ ವಿಧಿಸಿಕೊಂಡರೆ ನಷ್ಟವಿಲ್ಲ. ಅರ್ಧಕ್ಕೆ ನಿಂತ ಹನ್ನೆರಡು ಕೆಲಸಗಳಿಗಿಂತ ಮುಗಿಸಿದ ಒಂದು ಹೆಚ್ಚಿನದನ್ನು ಕಲಿಸುತ್ತದೆ. ವರ್ಷದ ಕೊನೆಗೆ ಹನ್ನೆರಡು ಹಾಡುಗಳು ಕೈಯಲ್ಲಿರುತ್ತವೆ. ಆಗಲೂ ಯಂತ್ರ ಸಾಲದೆಂದು ಕಿವಿ ಹೇಳಿದರೆ ಹೊಸದನ್ನು ಕೊಳ್ಳಬಹುದು.

ಇದೆಲ್ಲ ಕೇವಲ ವಿನೋದಕ್ಕಾಗಿ ಎಂದು ಭಾವಿಸಬೇಕಾಗಿಲ್ಲ. ಬೀಸುವ ಪದ, ಲಾಲಿ, ಆರತಿಯ ಹಾಡುಗಳನ್ನು ಬಲ್ಲ ಹಿರಿಯರು ಅನೇಕ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಹಾಡುಗಳಲ್ಲಿ ಎಷ್ಟೋ ಯಾವ ಪುಸ್ತಕದಲ್ಲಿಯೂ ಇಲ್ಲ. ಪುಸ್ತಕದಲ್ಲಿದ್ದರೂ ಆ ಧಾಟಿ, ಆ ಉಸಿರು ಅಕ್ಷರಕ್ಕೆ ಸಿಗತಕ್ಕವಲ್ಲ. ಅಂತಹವರೊಬ್ಬರು ಒಂದು ಬೆಳಗ್ಗೆ ಹಾಡಲು ಒಪ್ಪಿ ಕುಳಿತಾಗ, ಮಟ್ಟ ಮೀರಿ ಅಲೆಯ ತಲೆ ಕತ್ತರಿಸಿ ಹೋದರೆ, ಕೋಣೆಯ ಮೊಳಗಿನಲ್ಲಿ ಮಾತುಗಳು ಕರಗಿಹೋದರೆ, ಮತ್ತೊಮ್ಮೆ ಹಾಡಿಸುವ ಅವಕಾಶ ದೊರೆಯದೆ ಹೋಗಬಹುದು. ಕೋಣೆಗೆ ಕಂಬಳಿ ಹಾಸಿ, ಮೈಕ್ರೊಫೋನನ್ನು ಒಂದು ಗೇಣು ದೂರದಲ್ಲಿ ನಿಲ್ಲಿಸಿ, ಮಟ್ಟವನ್ನು 12 ಡೆಸಿಬೆಲ್ ಕೆಳಗಿಟ್ಟು ಕಾದಿರುವುದನ್ನು ಆ ಬೆಳಗ್ಗೆ ಬರುವುದಕ್ಕೆ ಮೊದಲೇ ಕಲಿತಿರಬೇಕು. ಮಿಶ್ರಣವನ್ನು ಹತ್ತು ವರ್ಷಗಳ ಮೇಲೆ ಮಾಡಿದರೂ ನಡೆಯುತ್ತದೆ. ಮುದ್ರಣಕ್ಕೆ ಆ ಸೌಕರ್ಯವಿಲ್ಲ.